ಸುರಕ್ಷಿತ ಕೋಡಿಂಗ್ ಕಲಿಕೆಯಲ್ಲಿ ಆಟಗಳು

ತಮ್ಮ ಕೋಡ್‌ನಲ್ಲಿ ನುಸುಳುವ ಭದ್ರತಾ ದೋಷಗಳನ್ನು ಗುರುತಿಸಲು, ತಡೆಯಲು ಸಾಫ್ಟ್‌ವೇರ್ ಡೆವಲಪರ್‌ಗಳಿಗೆ ಕಲಿಸುವ ಇಸ್ಪೀಟು, ಸ್ಪರ್ಧೆ ಹಾಗೂ ಕಂಪ್ಯೂಟರ್ ಆಟಗಳು. ಡೇಟಾಬೇಸ್‌ಗೆ ಹೋಗುವ ಆದೇಶದೊಳಗೆ ದಾಳಿಕೋರರು ತಮ್ಮ ಪಠ್ಯವನ್ನು ನುಸುಳಿಸುವ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿಯ ವಿವರ 1998ರಲ್ಲೇ ಹ್ಯಾಕರ್‌ಗಳ 'ಫ್ರ್ಯಾಕ್' ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ತಡೆಯುವ ಬಗೆಯೂ ಬಹುಕಾಲದಿಂದ ಗೊತ್ತಿದೆ. ಆದರೂ ಹೊಸ ಕೋಡ್‌ನಲ್ಲಿ ಅದೇ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ವರ್ಷಕ್ಕೊಮ್ಮೆ ಸ್ಲೈಡ್ ತೋರಿಸಿ ಮುಗಿಸುವ ತರಬೇತಿಯಿಂದ ಈ ಕೊರತೆ ನೀಗುವುದಿಲ್ಲ ಎಂಬ ಅರಿವೇ ಇಂಥ ಆಟಗಳಿಗೆ ಕಾರಣ.

ಇವುಗಳಲ್ಲಿ ಹೆಸರಾದದ್ದು ಮೈಕ್ರೋಸಾಫ್ಟ್‌ನಲ್ಲಿದ್ದ ಆಡಂ ಶೋಸ್ಟ್ಯಾಕ್ ರೂಪಿಸಿದ 'ಎಲಿವೇಷನ್ ಆಫ್ ಪ್ರಿವಿಲೇಜ್' (2010). ಇದರಲ್ಲಿ 74 ಎಲೆಗಳು, ಆರು ಜಾತಿ: ಸೋಗು ಹಾಕುವುದು, ದತ್ತಾಂಶ ತಿದ್ದುವುದು, ಮಾಡಿದ್ದನ್ನು ಅಲ್ಲಗಳೆಯುವುದು, ಮಾಹಿತಿ ಸೋರಿಕೆ, ಸೇವೆಯನ್ನು ನಿಲ್ಲಿಸುವುದು, ಇಲ್ಲದ ಅಧಿಕಾರ ಗಿಟ್ಟಿಸುವುದು. ಕೊನೆಯದೇ ತುರುಪು. ತಂಡ ಮೊದಲು ತಾನು ಕಟ್ಟುತ್ತಿರುವ ಸಾಫ್ಟ್‌ವೇರ್‌ನ ನಕ್ಷೆಯನ್ನು ಬೋರ್ಡ್ ಮೇಲೆ ಬರೆದುಕೊಂಡು ಎಲೆ ಹಂಚುತ್ತದೆ. ದತ್ತಾಂಶ ತಿದ್ದುವ ಜಾತಿಯ ಮೂರು ಯಾರ ಕೈಯಲ್ಲಿದೆಯೋ ಅವರದು ಮೊದಲ ಎಲೆ. ಎಲೆ ಇಳಿಸಿದವರು ಅದರಲ್ಲಿರುವ ಅಪಾಯವನ್ನು ಓದಿ, ನಕ್ಷೆಯಲ್ಲಿ ಅದು ಎಲ್ಲಿ ಸಂಭವಿಸಬಹುದು ಎಂದು ತೋರಿಸಿದರೆ ಒಂದು ಅಂಕ, ಸುತ್ತು ಗೆದ್ದರೆ ಇನ್ನೊಂದು. ಎಕ್ಕ ಬಂದವರು ಬೇರೆ ಎಲೆಗಳಲ್ಲಿಲ್ಲದ ಹೊಸ ದಾಳಿಯನ್ನೇ ಹೇಳಬೇಕು. ಭದ್ರತೆಯ ಬಗ್ಗೆ ಸಭೆಯಲ್ಲಿ ಬಾಯಿಬಿಡದ ಕಿರಿಯರೂ ತಮ್ಮ ಸರದಿ ಬಂದಾಗ ಮಾತಾಡಲೇಬೇಕಾಗುತ್ತದೆ. ಈ ಆಟದ ದೊಡ್ಡ ಗುಣ ಇದು. ವೆಬ್ ಡೆವಲಪರ್‌ಗಳಿಗಾಗಿ, ಸಾಫ್ಟ್‌ವೇರ್ ಭದ್ರತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ 'ಕಾರ್ನುಕೋಪಿಯಾ' ಇದೇ ಜಾಡಿನಲ್ಲಿ ಬಂತು.

ಓವಾಸ್ಪ್‌ನದೇ 'ಜ್ಯೂಸ್ ಶಾಪ್' ಬೇರೆ ಬಗೆಯದು. ಬ್ಯೋರ್ನ್ ಕಿಮಿನಿಶ್ 2014ರಲ್ಲಿ ಆರಂಭಿಸಿದ ಇದು ಬೇಕೆಂದೇ ದೋಷಗಳನ್ನು ತುಂಬಿಟ್ಟ ಹಣ್ಣಿನ ರಸದ ಆನ್‌ಲೈನ್ ಅಂಗಡಿ. ಅಂಕಪಟ್ಟಿಯ ಪುಟವನ್ನೂ ಬಚ್ಚಿಟ್ಟಿದ್ದಾರೆ, ಅದನ್ನು ಹುಡುಕುವುದೇ ಮೊದಲ ಸವಾಲುಗಳಲ್ಲೊಂದು. ಲಾಗಿನ್‌ನಲ್ಲಿ ಇಮೇಲ್ ಇರಬೇಕಾದ ಕಡೆ ಒಂದು ಉದ್ಧರಣ ಚಿಹ್ನೆ, ಬಳಿಕ ಎಂದೂ ಸುಳ್ಳಾಗದ '1=1' ಎಂಬ ಷರತ್ತು, ಕೊನೆಗೆ ಎರಡು ಅಡ್ಡಗೆರೆ ಹಾಕಿದರೆ ಸಾಕು. ಡೇಟಾಬೇಸ್ ಪಾಸ್‌ವರ್ಡ್ ನೋಡುವುದನ್ನೇ ಬಿಟ್ಟು ಪಟ್ಟಿಯ ಮೊದಲ ಖಾತೆಯನ್ನು ತೆರೆದುಕೊಡುತ್ತದೆ. ಅದು ಅಡ್ಮಿನ್ ಖಾತೆ! ಒಮ್ಮೆ ಹೀಗೆ ಒಳಹೊಕ್ಕವರಿಗೆ, ಬಳಕೆದಾರರು ಕೊಟ್ಟ ಪಠ್ಯವನ್ನು ಕ್ವೆರಿಗೆ ನೇರವಾಗಿ ಅಂಟಿಸಬಾರದು ಎಂಬ ನಿಯಮವನ್ನು ಬೇರೆಯಾಗಿ ಬಾಯಿಪಾಠ ಮಾಡಿಸಬೇಕಾಗಿಲ್ಲ.

1996ರಲ್ಲಿ ಹ್ಯಾಕರ್‌ಗಳ ಡೆಫ್ ಕಾನ್ ಸಮಾವೇಶದಲ್ಲಿ ಶುರುವಾದ 'ಕ್ಯಾಪ್ಚರ್ ದ ಫ್ಲ್ಯಾಗ್' ಸ್ಪರ್ಧೆಗಳು ವ್ಯವಸ್ಥೆಗಳನ್ನು ಒಡೆಯುವುದನ್ನು ಚೆನ್ನಾಗಿ ಕಲಿಸುತ್ತವೆ. ಡೆವಲಪರ್‌ಗೆ ಅಷ್ಟೇ ಸಾಲದು, ಸರಿಪಡಿಸುವುದು ಅವರ ಕೆಲಸ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 'ಬಿಲ್ಡ್ ಇಟ್, ಬ್ರೇಕ್ ಇಟ್, ಫಿಕ್ಸ್ ಇಟ್' ಸ್ಪರ್ಧೆ ಕಟ್ಟುವುದು, ಒಡೆಯುವುದು, ತಿದ್ದುವುದು ಮೂರನ್ನೂ ಜೋಡಿಸಿತು. ಕಟ್ಟುವುದರಲ್ಲಿ ಗೆಲುವು ಕಂಡಿದ್ದ ತಂಡಗಳು ಇತರರ ಕೋಡ್‌ನಲ್ಲಿ ಭದ್ರತಾ ದೋಷ ಹುಡುಕುವುದರಲ್ಲೂ ಮುಂದಿದ್ದವು ಎಂದು ಅದರ ಸಂಘಟಕರು 2016ರಲ್ಲಿ ವರದಿ ಮಾಡಿದರು. ಸೀಮೆನ್ಸ್‌ನಲ್ಲಿ ಟಿಯಾಗೊ ಗಸಿಬಾ ಮತ್ತು ಸಂಗಡಿಗರು ಕಟ್ಟಿದ 'ಸಿಫು' ವೇದಿಕೆಯಲ್ಲಿ ಒಡೆಯುವ ಕೆಲಸವೇ ಇಲ್ಲ. ದೋಷವುಳ್ಳ ಕೋಡ್ ಕೊಟ್ಟು ತಿದ್ದಲು ಹೇಳುತ್ತದೆ, ತಿದ್ದಿದ್ದನ್ನು ತಾನೇ ಪರೀಕ್ಷಿಸುತ್ತದೆ, ತಡವರಿಸಿದವರಿಗೆ ಹಂತಹಂತವಾಗಿ ಸುಳಿವು ಕೊಡುತ್ತದೆ. ಕಾರ್ಖಾನೆ, ಬ್ಯಾಂಕುಗಳಿಗೆ ಕೋಡ್ ಬರೆಯುವವರಿಗೆ ಈ ಮಾದರಿಯೇ ಹೆಚ್ಚು ಹೊಂದುತ್ತದೆ.

ಆಟಗಳಿಗೆ ಮಿತಿಯೂ ಇದೆ. ಅಂಕದ ಪೈಪೋಟಿ ಹೆಚ್ಚಾದರೆ ಹೊಸಬರು ಹಿಂದೆ ಸರಿಯುತ್ತಾರೆ. ಒಗಟುಗಳು ದಿನನಿತ್ಯದ ಕೋಡ್‌ಗೆ ದೂರವಾದರೆ ಕಲಿತದ್ದು ಕೆಲಸಕ್ಕೆ ಬರುವುದಿಲ್ಲ.

'ಎಲಿವೇಷನ್ ಆಫ್ ಪ್ರಿವಿಲೇಜ್' ಎಲೆಗಳನ್ನು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು, 'ಜ್ಯೂಸ್ ಶಾಪ್' ಕೂಡ ಉಚಿತ. ಇಲ್ಲಿ ಕಲಿತ ದಾಳಿಗಳನ್ನು ಸ್ವಂತ ಕಂಪ್ಯೂಟರ್‌ನಲ್ಲಿ ಮಾತ್ರ ಪ್ರಯೋಗಿಸಬೇಕು. ಅನುಮತಿಯಿಲ್ಲದೆ ಬೇರೆಯವರ ವ್ಯವಸ್ಥೆಗೆ ನುಗ್ಗಿದವರು ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್‌ನಂತೆ ಪರಿಹಾರ ತೆರಬೇಕಾಗುತ್ತದೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶವಿದ್ದರೆ 66ನೇ ಸೆಕ್ಷನ್‌ನಡಿ 3 ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು.