ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ಸಹಕಾರಿ ವ್ಯವಹಾರ ನಿರ್ವಹಣೆಯ ಚಾರಿತ್ರಿಕ ನೆಲೆಗಳು

ಕರ್ನಾಟಕದ ಆರ್ಥಿಕ ಇತಿಹಾಸವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಭೂಕಂದಾಯ, ನೀರಾವರಿ ಮತ್ತು ಬೃಹತ್ ಕೈಗಾರಿಕೆಗಳ ಸುತ್ತ ನಡೆದಿವೆ. ತಾಲ್ಲೂಕು ಮಟ್ಟದಲ್ಲಿ ವ್ಯವಹಾರವನ್ನು ಯಾರು, ಹೇಗೆ ನಿರ್ವಹಿಸಿದರು ಎಂಬ ಪ್ರಶ್ನೆಗೆ ದೊರೆತ ಗಮನ ಅಲ್ಪ. 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಈ ನಾಲ್ಕು ತಾಲ್ಲೂಕುಗಳ ನಿರ್ವಹಣಾ ಪರಂಪರೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಲೆನಾಡಿಗೂ ಬಯಲುಸೀಮೆಗೂ ನಡುವಿನ ನ್ಯಾಮತಿ ಹಿಂದಿನಿಂದಲೂ ವ್ಯಾಪಾರದ ಊರು. ಇಂತಹ ಊರುಗಳಲ್ಲಿ ಮಂಡಿ, ದಲಾಲಿ, ಕಿರ್ದಿ, ಖಾತೆಗಳೇ ನಿರ್ವಹಣೆಯ ಸಾಧನಗಳಾಗಿದ್ದವು. ಚನ್ನಗಿರಿ ಭಾಗದ ಅಡಿಕೆ ಖೇಣಿ ಪದ್ಧತಿ ಇದಕ್ಕೆ ಉತ್ತಮ ನಿದರ್ಶನ. ಖೇಣಿದಾರನು ತೋಟದ ಫಸಲನ್ನು ವಹಿಸಿಕೊಂಡು ಕೊಯ್ಲು, ಸುಲಿತ, ಬೇಯಿಸುವಿಕೆ, ಒಣಗಿಸುವಿಕೆಗಳನ್ನು ನಡೆಸುತ್ತಾನೆ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಇಂತಿಷ್ಟು ಒಣ ಅಡಿಕೆ ಎಂಬ ಕರಾರು ಮೊದಲೇ ಆಗಿರುತ್ತದೆ. ಕೂಲಿಯಾಳುಗಳ ಹೊಂದಾಣಿಕೆ, ಸಂಸ್ಕರಣೆಯ ನಷ್ಟ, ಹವಾಮಾನದ ಅಪಾಯ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಕರಾರು ಪಠ್ಯಪುಸ್ತಕದಿಂದ ಬಂದುದಲ್ಲ.

ಸಂಘಟಿತ ನಿರ್ವಹಣೆಗೆ 1905ರ ಮೈಸೂರು ಸಹಕಾರ ಸಂಘಗಳ ಕಾಯಿದೆ ಅಡಿಪಾಯ ಹಾಕಿತು. 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ಕೃಷಿ, ಕೈಗಾರಿಕೆ, ವಾಣಿಜ್ಯಗಳ ಸ್ಥಿತಿಗತಿಯ ವಿಚಾರಣೆಯನ್ನು ಆಡಳಿತದ ಕರ್ತವ್ಯವೆಂದು ಪರಿಗಣಿಸಿತು. ರಿಸರ್ವ್ ಬ್ಯಾಂಕಿನ ಆಶ್ರಯದಲ್ಲಿ ನಡೆದ 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯು ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು ಶೇ. 3 ಮಾತ್ರವೆಂದು ತೋರಿಸಿ, ಸಾಲವನ್ನು ಮಾರಾಟದೊಡನೆ ಜೋಡಿಸಬೇಕೆಂದು ಸೂಚಿಸಿತು. ಸಂಶೋಧನೆಯೊಂದು ಹಳ್ಳಿಯ ಸಂಘಗಳ ಕಾರ್ಯವಿಧಾನವನ್ನೇ ಪ್ರಭಾವಿಸಿದ ಮುಖ್ಯ ಪ್ರಸಂಗವಿದು.

ಶಿವಮೊಗ್ಗದಲ್ಲಿ 1939ರಲ್ಲಿ ಸ್ಥಾಪಿತವಾದ ಮ್ಯಾಮ್ಕೋಸ್ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟಕ್ಕೆ ಮಾದರಿಯನ್ನು ಒದಗಿಸಿತು. ಭದ್ರಾ ನಾಲೆಗಳ ನೀರು ಬಂದ ಮೇಲೆ ಚನ್ನಗಿರಿಯಲ್ಲಿ ತೋಟಗಳು ವಿಸ್ತರಿಸಿದವು. ಅಲ್ಲಿ ತೋಟದ ಉತ್ಪನ್ನಗಳ ಮಾರಾಟ ಸಹಕಾರ ಸಂಘ, ಅಂದರೆ ತುಮ್ಕೋಸ್, ಬೆಳೆಯಿತು. ಅಡಿಕೆ ಮಾರಾಟ ಸಂಘಗಳಲ್ಲಿ ಮಾಲಿನ ದರ್ಜೆ ವಿಂಗಡಣೆ, ಲಾಟು, ಟೆಂಡರು, ದಾಸ್ತಾನಿನ ಮೇಲಿನ ಮುಂಗಡ ಇವು ಪ್ರಧಾನ ನಿರ್ವಹಣಾ ತಂತ್ರಗಳು. ಕೈಯಲ್ಲಿ ಮುಂಗಡವಿದ್ದ ಬೆಳೆಗಾರ ಬೆಲೆ ಕುಸಿದಾಗ ಮಾರಲೇಬೇಕಾದ ಒತ್ತಡದಿಂದ ಪಾರಾಗುತ್ತಾನೆ. ನೀರಾವರಿಯ ಆಸರೆ ಕಡಿಮೆಯಿರುವ ಜಗಳೂರಿನಂತಹ ಮಳೆಯಾಶ್ರಿತ ಸೀಮೆಗೆ ಈ ಮಾದರಿ ಹಾಗೆಯೇ ಹೊಂದದು. ಅಲ್ಲಿ ದಿನಕ್ಕೆರಡು ಬಾರಿ ಹಾಲನ್ನು ಅಳೆದು, ಜಿಡ್ಡಿನಂಶ ಪರೀಕ್ಷಿಸಿ, ಪಾವತಿಯ ಲೆಕ್ಕವಿಡುವ ಹಾಲು ಉತ್ಪಾದಕರ ಸಂಘದ ಶಿಸ್ತು ಹೆಚ್ಚು ಪ್ರಸ್ತುತ.

ಈ ವ್ಯವಸ್ಥೆಯ ಕೇಂದ್ರವ್ಯಕ್ತಿ ಕಾರ್ಯದರ್ಶಿ. ಗುಮಾಸ್ತನಾಗಿ ಸೇರಿ, ಲೆಕ್ಕ ಕಲಿತು, ಲೆಕ್ಕಪರಿಶೋಧಕರ ಆಕ್ಷೇಪಣೆಗಳಿಗೆ ಉತ್ತರಿಸುತ್ತ ಮೇಲೇರುವುದು ಸಹಕಾರಿ ಕ್ಷೇತ್ರದ ರೂಢಿಯ ವೃತ್ತಿಮಾರ್ಗ. ಆಡಳಿತ ಮಂಡಳಿ ಚುನಾವಣೆಯೊಡನೆ ಬದಲಾದರೂ ಸಂಸ್ಥೆಯ ನೆನಪು ಉಳಿಯುವುದು ಈ ನೌಕರರಲ್ಲಿ. ಕುವೆಂಪು ವಿಶ್ವವಿದ್ಯಾಲಯ (1987) ಹಾಗೂ ದಾವಣಗೆರೆ ವಿಶ್ವವಿದ್ಯಾಲಯಗಳು (2009) ನಿರ್ವಹಣಾ ಶಾಸ್ತ್ರದ ಉನ್ನತ ಶಿಕ್ಷಣವನ್ನು ಈ ಸೀಮೆಯ ಯುವಜನರಿಗೆ ಹತ್ತಿರ ತಂದವು. 2011ರ ಸಂವಿಧಾನದ 97ನೆಯ ತಿದ್ದುಪಡಿ ಬ್ಯಾಂಕಿಂಗ್, ನಿರ್ವಹಣೆ, ಹಣಕಾಸುಗಳಲ್ಲಿ ಅನುಭವವುಳ್ಳ ಇಬ್ಬರವರೆಗೆ ತಜ್ಞರನ್ನು ಮಂಡಳಿಗೆ ಸೇರಿಸಿಕೊಳ್ಳಲು ಅವಕಾಶ ಕಲ್ಪಿಸಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಆ ಭಾಗವನ್ನು ಅಸಿಂಧುಗೊಳಿಸಿತು. ತಜ್ಞತೆ ಮತ್ತು ಸದಸ್ಯರ ಅಧಿಕಾರಗಳ ಸಮತೋಲನದ ಪ್ರಶ್ನೆ ಮಾತ್ರ ಉಳಿದಿದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಸಮೀಕ್ಷಾ ಪ್ರಶ್ನಾವಳಿಗಳಷ್ಟೇ ಸಾಲವು. ಸಂಘಗಳ ನಡಾವಳಿ ಪುಸ್ತಕ, ದಾಸ್ತಾನು ವಹಿ, ಲೆಕ್ಕಪರಿಶೋಧನಾ ವರದಿಗಳು ಪ್ರಾಥಮಿಕ ಆಕರಗಳು. ಗಣಕೀಕರಣದ ನಂತರ ನಿರುಪಯುಕ್ತವೆನಿಸಿದ ಹಳೆಯ ವಹಿಗಳು ಗೆದ್ದಲಿಗೋ ರದ್ದಿಗೋ ಸೇರುವ ಅಪಾಯವಿದೆ. ಅವು ಹೋದರೆ, ಬೆಲೆ ಬಿದ್ದ ವರ್ಷಗಳಲ್ಲಿ ಸಂಘವೊಂದು ಯಾರಿಗೆ ಮುಂಗಡ ಕೊಟ್ಟಿತು, ಯಾರಿಗೆ ನಿರಾಕರಿಸಿತು ಎಂಬ ತಿಳಿವಳಿಕೆಯೂ ಹೋಗುತ್ತದೆ. ಆದ್ದರಿಂದ ಇವುಗಳ ಸಂರಕ್ಷಣೆಯೇ ಈ ಭಾಗದ ವ್ಯವಹಾರ ಸಂಶೋಧನೆಯ ಮೊದಲ ಹೆಜ್ಜೆಯಾಗಬೇಕು.