ಸಾಲ ತಂದ ಕೆಂಡ

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ಗ್ಯಾಸ್ ಲೈಟರ್ ಕೈಕೊಟ್ಟಿತು. ಬೆಂಕಿಪೊಟ್ಟಣಕ್ಕೆ ತಡಕಾಡಿದರೆ ದೇವರ ಗೂಡಿನಲ್ಲಿದ್ದದ್ದೂ ಖಾಲಿ. ಪಕ್ಕದ ಮನೆಯಲ್ಲಿ ಕೇಳೋಣವೆಂದರೆ, ಅವರು ಬಂದು ಆರು ತಿಂಗಳಾದರೂ ಆಕೆಯ ಹೆಸರು ನನಗೆ ಗೊತ್ತಿಲ್ಲ. ಕಾಫಿಯಿಲ್ಲದೆ ಸುಮ್ಮನೆ ಕೂತೆ. ಆಗ ನೆನಪಾದವಳು ನಮ್ಮಜ್ಜಿ. ಅವಳ ಕಾಲದಲ್ಲಿ ಬೆಂಕಿ ಕೇಳಲು ಹೋಗುವುದು ನಾಚಿಕೆಯ ಮಾತಲ್ಲ, ದಿನದ ಕೆಲಸ.

ಅಜ್ಜಿ ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ಆಗ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಎರಡೂ ಚಾಮರಾಜನಗರ ಜಿಲ್ಲೆಯೊಳಗಾದವು. ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಹನೂರು ಈಗ ತಾನೇ ಒಂದು ತಾಲ್ಲೂಕು. ಇದೆಲ್ಲ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ಆ ಊರುಗಳ ಒಲೆ ಹೇಗೆ ಹೊತ್ತುತ್ತಿತ್ತು ಎಂಬುದು ಮಾತ್ರ ಸಿಗುವುದಿಲ್ಲ. ಅದು ಹೆಂಗಸರ ಇತಿಹಾಸ ನೋಡಿ, ಬರೆದವರು ಯಾರು?

ಅಜ್ಜಿ ಹೇಳುತ್ತಿದ್ದಂತೆ, ಅವಳ ಬಾಲ್ಯದಲ್ಲಿ ಬೆಂಕಿಯನ್ನು ಹೊತ್ತಿಸುತ್ತಿದ್ದುದಕ್ಕಿಂತ ಕಾಯುತ್ತಿದ್ದುದೇ ಹೆಚ್ಚು. ರಾತ್ರಿ ಅಡುಗೆಯಾದ ಮೇಲೆ ಒಲೆಯ ಕೆಂಡಕ್ಕೆ ಬೆರಣಿಯ ತುಂಡಿಟ್ಟು ಮೇಲೆ ಬೂದಿ ಮುಚ್ಚುವುದು, ಬೆಳಿಗ್ಗೆ ಬೂದಿ ಸರಿಸಿ ಊದುವುದು. ಆರಿಹೋಗಿದ್ದರೆ ಪಕ್ಕದ ಮನೆಯಿಂದ ಒಂದು ಕೆಂಡ. ಅದಕ್ಕೂ ಕಟ್ಟಳೆಗಳಿದ್ದವು. ಮಂಗಳವಾರ, ಶುಕ್ರವಾರ ಕೊಡಬಾರದು. ದೀಪ ಹಚ್ಚಿದ ಮೇಲೆ ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮವರಲ್ಲದವರ ಒಲೆಯಿಂದ ತರಬಾರದು.

ಬೆಂಕಿಪೊಟ್ಟಣ ಈ ಕಟ್ಟಳೆಗಳನ್ನು ಮುರಿಯಲಿಲ್ಲ. ಅವು ಬೇಕಾಗದಂತೆ ಮಾಡಿತು, ಅಷ್ಟೆ. ಪೊಟ್ಟಣದ ಬದಿಗೆ ಗೀರಿದರೆ ಮಾತ್ರ ಹೊತ್ತುವ ಕಡ್ಡಿ 1855ರ ಹೊತ್ತಿಗೆ ಸ್ವೀಡನ್ನಿನಲ್ಲಿ ಮಾರಾಟಕ್ಕೆ ತಯಾರಾಗತೊಡಗಿತ್ತು. 1923ರಲ್ಲಿ ಶಿವಕಾಶಿಯಲ್ಲಿ ಅದರ ಉದ್ಯಮ ಬೇರೂರಿತು. 1934ರಲ್ಲಿ ಸರ್ಕಾರ ಕಡ್ಡಿಯ ಮೇಲೂ ಸುಂಕ ಹಾಕಿತೆಂದರೆ, ಅಷ್ಟರೊಳಗೆ ಅದು ಎಷ್ಟು ಮನೆಗಳನ್ನು ಹೊಕ್ಕಿತ್ತೆಂದು ನೀವೇ ಊಹಿಸಿ. ಕಾಸಿಗೆ ಸಿಗುವ ಬೆಂಕಿಗಾಗಿ ಇನ್ನೊಬ್ಬರ ಬಾಗಿಲಿಗೆ ಯಾರು ಹೋಗುತ್ತಾರೆ?

ನಾನು ಈಗ ಹೇಳಹೊರಟಿರುವುದು 1960ರ ದಶಕದ ಒಂದು ದೀಪಾವಳಿಯ ಮಾತು. ತಮ್ಮನ ಹರಕೆ ತೀರಿಸಲು ನಾವು ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದೆವು. ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರ್ ದಾರಿ. ಹನೂರು, ಕೌದಳ್ಳಿ ದಾಟಿ ಮೂರನೆಯ ಸಂಜೆ ತಾಳಬೆಟ್ಟದ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಸೀಮೆಯಲ್ಲಿ ಹಿಂಗಾರು ಮಳೆಗೂ ದೀಪಾವಳಿ ಜಾತ್ರೆಗೂ ಬಿಡದ ನಂಟು. ಒಂದು ಬಂಡೆಯ ಮರೆಗೆ ಸೇರಿಕೊಂಡೆವು. ಐದು ವರ್ಷದ ತಮ್ಮ ನೆನೆದು ಗಡಗಡ ನಡುಗುತ್ತಿದ್ದ. ಮುಟ್ಟಿದರೆ ಮೈ ಸುಡುತ್ತಿತ್ತು. ಬಿಸಿ ಗಂಜಿ ಬೇಕು.

ಅಜ್ಜಿ ಮೂರು ಕಲ್ಲು ಹೂಡಿದಳು. ನಾನು ನೆಲದ ಮೇಲೆ ಸಿಕ್ಕಿದ ಪುಳ್ಳೆಗಳನ್ನೆಲ್ಲ ಆಯ್ದು ತಂದೆ. ಸೊಂಟದ ಬೆಂಕಿಪೊಟ್ಟಣ ತೆಗೆದರೆ ಅದೂ ನೆಂದು ಮೆತ್ತಗಾಗಿತ್ತು. ಪೊಟ್ಟಣದ ಬದಿಯಲ್ಲಿರುವುದು ಕೆಂಪು ರಂಜಕ; ಒಣಗಿದ್ದರೆ ಉಜ್ಜಿದಾಗ ಕಿಡಿ, ನೆಂದರೆ ಬರೀ ಕೆಸರು. ಒಂದೊಂದು ಕಡ್ಡಿ ಗೀರಿದಾಗಲೂ ಆ ಕೆಂಪು ಸುಲಿದು ಕಡ್ಡಿಗೇ ಮೆತ್ತಿಕೊಂಡಿತು. ಕಡ್ಡಿಗಳೆಲ್ಲ ಮುಗಿದವು. ಅಜ್ಜಿಯ ಕಣ್ಣಲ್ಲಿ ನೀರು ಕಂಡದ್ದು ನಾನು ಅದೇ ಮೊದಲು.

"ಯಾಕವ್ವಾ, ಒಲೆ ಹತ್ನಿಲ್ವಾ?"

ಬಂಡೆಯ ಆಚೆ ಬದಿಯಿಂದ ಒಬ್ಬಾಕೆ ಬಂದಳು. ಅವರದು ಯಳಂದೂರು ಕಡೆಯ ಗುಂಪು. ಅವರ ಹತ್ತಿರ ಬೆಂಕಿಪೊಟ್ಟಣವೇ ಇರಲಿಲ್ಲ. ಒಂದು ಒಡಕು ಮಡಕೆಯಲ್ಲಿ ಬೂದಿ ತುಂಬಿ, ಅದರ ನಡುವೆ ಬೆರಣಿಯ ಕೆಂಡವನ್ನು ಊರಿನಿಂದಲೇ ಕಾಪಾಡಿಕೊಂಡು ಬಂದಿದ್ದರು. ಹಳೆಯ ಕಾಲದವರ ಕೈಯಲ್ಲಿ ಬೆಂಕಿಯಿತ್ತು, ಹೊಸ ಕಾಲದ ನಾವು ಕತ್ತಲಲ್ಲಿದ್ದೆವು.

"ಯಾವೂರವ್ವ ನಿಮ್ದು?" ಎಂದು ಅಜ್ಜಿ ಕೇಳಿದಳು. ಅದರ ಹಿಂದೆಯೇ ಬರಬೇಕಾದ ಎರಡನೆಯ ಪ್ರಶ್ನೆ ಯಾವುದೆಂದು ಆ ಹೆಂಗಸಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದು ತುಟಿಯವರೆಗೆ ಬಂತು. ಅಜ್ಜಿ ಮೊಮ್ಮಗನನ್ನು ನೋಡಿದಳು. ಕೇಳಲಿಲ್ಲ.

ಆಕೆ ನನ್ನ ಪುಳ್ಳೆಯ ರಾಶಿ ನೋಡಿ ನಕ್ಕಳು. "ನೆಲದ ಸೌದೆ ನೀರು ಕುಡ್ದದೆ, ಅದ ಬುಡವ್ವ" ಎಂದು ಗಿಡಗಳ ಮೇಲೆಯೇ ಒಣಗಿ ನಿಂತಿದ್ದ ಕಡ್ಡಿಗಳನ್ನು ಮುರಿದು ತಂದಳು. ಪಟ್ ಎಂದರೆ ಒಣಗಿದ್ದು, ಬಾಗಿದರೆ ಹಸಿ. ಒಣಬಿದಿರನ್ನು ಮಚ್ಚಿನಿಂದ ಉದ್ದಕ್ಕೆ ಸೀಳಿದಳು. ಸೀಳದೆ ಇಟ್ಟರೆ ಗೆಣ್ಣುಗಳ ನಡುವಿನ ಗಾಳಿ ಕಾದು ಸಿಡಿಯುತ್ತದೆ. ದಪ್ಪ ಸೌದೆಯ ನೆಂದ ತೊಗಟೆ ಕೆತ್ತಿ, ಒಳಗಿನ ಒಣ ತಿರುಳನ್ನು ತೆಳ್ಳಗೆ ಹೆರೆದಳು. ಒದ್ದೆ ನೆಲದ ಮೇಲೆ ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಆ ಹೆರೆ, ಅದರ ಮೇಲೆ ಕಡ್ಡಿ. ಗಾಳಿಗೆ ಬೆನ್ನು ಕೊಟ್ಟು ಕೂತು ಕೆಂಡ ಇಟ್ಟು ಊದಿದಳು. ಹೊಗೆ ಬಂತೇ ಹೊರತು ಉರಿ ಬರಲಿಲ್ಲ.

ಅಜ್ಜಿ ದೇವರ ಗಂಟು ಬಿಚ್ಚಿದಳು. ಮಾದಪ್ಪನಿಗೆಂದು ಇಟ್ಟಿದ್ದ ಕರ್ಪೂರದ ಬಿಲ್ಲೆಗಳನ್ನು ಕೆಂಡದ ಪಕ್ಕ ಹಾಕಿದಳು. ಆಕೆ ಮತ್ತೊಮ್ಮೆ ಊದಿದಳು. ಭಗ್ಗೆಂದು ಉರಿ ಎದ್ದಿತು.

"ಮಾದಪ್ಪ ಇಲ್ಲೇ ಮಂಗಳಾರತಿ ತಕ್ಕೊಂಡ" ಎಂದಳು ಅಜ್ಜಿ.

ನುಚ್ಚಿನ ಗಂಜಿ ಕಾಯಿತು. ತಮ್ಮ ಕುಡಿದು, ಬೆವರಿ ಮಲಗಿದ. ಬೆಳಗಾದಾಗ ಆಕೆ ನಮ್ಮ ಒಲೆಗೂ ನೀರು ಸುರಿದು, ಬೂದಿ ಕಲಕಿ, ಅಂಗೈಯಿಟ್ಟು ನೋಡಿ ಆಮೇಲೆಯೇ ಹೊರಟಳು. "ಕಾಡವ್ವ, ಒಂದು ಕಿಡಿ ಸಾಕು" ಎಂದಳು.

ಬೆಂಕಿ ಇಡುವುದೂ ಆರಿಸುವುದೂ ಒಂದೇ ವಿದ್ಯೆ ಎಂಬುದನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನಮಗಿಂತ ಚೆನ್ನಾಗಿ ಬಲ್ಲರು. ಬೇಸಿಗೆ ಬಲಿಯುವ ಮೊದಲೇ ಒಣಗಿದ ಎಲೆಗಳಿಗೆ ಸಣ್ಣದಾಗಿ ಹಚ್ಚುತ್ತಿದ್ದ 'ತರಗು ಬೆಂಕಿ' ಅವರದು. ತರಗು ಸಣ್ಣಗೆ ಉರಿದುಹೋದರೆ ಮುಂದೆ ದೊಡ್ಡ ಕಿಚ್ಚಿಗೆ ಮೇವು ಉಳಿಯುವುದಿಲ್ಲ. 1974ರಲ್ಲಿ ಅಲ್ಲಿ ವನ್ಯಜೀವಿಧಾಮವಾದ ಮೇಲೆ ಅದು ನಿಂತಿತು. ಲಂಟಾನದ ಪೊದೆ ಕಾಡನ್ನೇ ನುಂಗಿದ್ದು ಆಮೇಲೆ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಮಾದಪ್ಪನ ಬೆಟ್ಟದ ಕಾಡು ಕೂಡ 2013ರಿಂದ ವನ್ಯಜೀವಿಧಾಮ. ಅಂಥಲ್ಲಿ ಕಾಡಿಗೆ ಬೆಂಕಿಯಿಡುವುದು ಕಾನೂನಿನ ಪ್ರಕಾರ ಅಪರಾಧ. ದಾರಿಬದಿಯ ಒಂದು ಒಲೆ ಆರಿಸದೆ ಹೋದರೆ ಏನಾದೀತೆಂದು ಯೋಚಿಸಿದರೆ ಕಾನೂನು ಸರಿಯೆನಿಸುತ್ತದೆ. ಅಂಗೈಯಿಟ್ಟು ನೋಡಿದ ಆ ಹೆಂಗಸನ್ನು ನೆನೆದರೆ, ನಾವು ಕಳೆದುಕೊಂಡದ್ದೂ ಇದೆಯೆನಿಸುತ್ತದೆ.

ಅಜ್ಜಿ ಆ ಒಂದು ರಾತ್ರಿಯಲ್ಲಿ ಬದಲಾಗಿಬಿಟ್ಟಳೆಂದರೆ ಸುಳ್ಳಾದೀತು. ನೀರು, ಅನ್ನದ ವಿಷಯದಲ್ಲಿ ಅವಳ ಕಟ್ಟಳೆಗಳು ಕೊನೆಯವರೆಗೂ ಉಳಿದವು. ಅದನ್ನು ನೆನೆದರೆ ನನಗೆ ಇಂದಿಗೂ ನಾಚಿಕೆ. ಆದರೆ ಕೆಂಡ ಕೇಳಿ ಬಂದವರನ್ನು ಅವಳು ಆಮೇಲೆ ಏನನ್ನೂ ಕೇಳಲಿಲ್ಲ. ವಾರವನ್ನೂ ನೋಡಲಿಲ್ಲ.

ಇಷ್ಟೆಲ್ಲ ನೆನೆಯುತ್ತ ಕೂತವಳು ಕೊನೆಗೆ ಎದ್ದು ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ. ಆಕೆ ಬಾಗಿಲು ತೆರೆದರು. ಬೆಂಕಿಪೊಟ್ಟಣ ಕೇಳಿದೆ. "ಅದಕ್ಕೇನಂತೆ, ಒಳಗೆ ಬನ್ನಿ, ನಮ್ಮಲ್ಲೇ ಕಾಫಿ ಇಟ್ಟಿದ್ದೀನಿ" ಎಂದರು. ಕೂತು ಕುಡಿದೆ. ಹೆಸರನ್ನಷ್ಟೇ ಕೇಳಿದೆ.