ಘಟ್ಟದ ಕೆಳಗಿನ ತವರು

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಡುವುದೆಂದರೆ ಹೆಂಗಸರಿಗೆ ಹಬ್ಬ. ತವರು ಘಟ್ಟದ ಕೆಳಗಿದ್ದರೆ ಆ ದಾರಿಗೇ ಒಂದು ಚರಿತ್ರೆಯಿದೆ. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ರೈಲುಮಾರ್ಗ ಪೂರ್ಣಗೊಂಡಾಗ ಪ್ರಯಾಣ ಹಗುರಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು! ದೊಡ್ಡ ಮಕ್ಕಳು ಅವನ್ನು ಎಣಿಸುತ್ತಿದ್ದರೆ, ಚಿಕ್ಕದು ಹಳೆಯ ಸೀರೆಯ ಜೋಲಿಯಲ್ಲಿ ನಿದ್ದೆಹೋಗುತ್ತಿತ್ತು. ಬುತ್ತಿ ಬಿಚ್ಚಲು ಜಾಗವಿತ್ತು. ಮಗುವಿಗೆ ಅವಸರವಾದರೆ ಗಾಡಿ ನಿಲ್ಲಿಸಿರೆಂದು ಯಾರನ್ನೂ ಬೇಡಬೇಕಿರಲಿಲ್ಲ.

1996ರಲ್ಲಿ ಬ್ರಾಡ್ ಗೇಜ್ ಪರಿವರ್ತನೆಗೆಂದು ರೈಲು ನಿಂತಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಹೆಚ್ಚಿನವರಿಗೆ ಶಿರಾಡಿ ಘಾಟಿಯ ಬಸ್ಸೇ ಗತಿ. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ವಾಂತಿಗೆಂದು ಪ್ಲಾಸ್ಟಿಕ್ ಚೀಲ, ಮಡಿಲಲ್ಲಿ ಅಳುವ ಕೂಸು. ರಸ್ತೆ ಹದಗೆಟ್ಟಿದ್ದರೆ ನಡುದಾರಿಯಲ್ಲೇ ಗಂಟೆಗಟ್ಟಲೆ ಕಾಯಬೇಕು. "ಮಗು ಸ್ವಲ್ಪ ದೊಡ್ಡದಾಗಲಿ" ಎಂದು ತವರಿನ ಪ್ರಯಾಣವನ್ನೇ ಮುಂದೂಡಿದ ತಾಯಂದಿರನ್ನು ನಾನು ಬಲ್ಲೆ.

ಹಳಿಯ ಅಗಲ 1,000 ಮಿಲಿಮೀಟರಿನಿಂದ 1,676ಕ್ಕೆ ಏರಿತು. ಅದು ಬೇಕಾದದ್ದೇ. ಆದರೆ ರೈಲು ನಿಂತ ವರ್ಷ ಹುಟ್ಟಿದ ಕೂಸಿಗೆ, ಅದು ಮರಳಿ ಬಂದಾಗ 11 ವರ್ಷ. ಅಜ್ಜಿಯ ತೊಡೆಯ ಮೇಲೆ ಮಲಗುವ ವಯಸ್ಸು ಕಳೆದೇಹೋಗಿತ್ತು. ಕಾಮಗಾರಿಯ ಖರ್ಚಿನಲ್ಲಿ ಇದನ್ನೂ ಬರೆದಿಡಬೇಕಲ್ಲವೇ?